ನಾಲ್ಕನೆಯ ಕಾಲು

ಮಾರ್ಚ್ ಮುಗಿದರೂ ಅಲೆಘೇನಿ ಗುಡ್ಡದ ನೆರಳಿನಲ್ಲಿ
ಇನ್ನೂ ಕೊಳಕು ಹಿಮ.
ಲೀಲಂಡ್ ಆಸ್ಟ್ರಾಂಡರ್ ಪಿಕಪ್ಪಿನಿಂದ ಇಳಿಸಿದ್ದು
ಕಂಬಳಿ ಹೊದ್ದ ಒಂದು ಮೇಜು.
"ಅಜ್ಜಿಯದು. ಅಪ್ಪಟ ಚೆರ್ರಿ.
ಹೌದೆಂದು ಒಂದು ಚೀಟಿ ಬರೆದುಕೊಡಿ, ಮಾರಬೇಕು."

ಮೂವತ್ತೊಂದು ವರ್ಷ ಈ ಮಿಲ್ಲಿನಲ್ಲಿ
ಹಲಗೆ ಕೊಯ್ದವಳು ನಾನು.
ನಿಂತ ಮರವಾದರೆ ಕೇಳುವುದೇ ಬೇಡ:
ಸುಟ್ಟ ಹಪ್ಪಳ ಮುರಿದು ಅಂಟಿಸಿದಂಥ ತೊಗಟೆ,
ಎಳೆಗಡ್ಡಿ ಕೆರೆದರೆ ಕಹಿಬಾದಾಮಿಯ ಘಾಟು.
ಬಾಡಿದ ಎಲೆ ಮೇದು ಸತ್ತ ಹಸುವಿನ ಕಥೆ
ಇಲ್ಲಿ ಮನೆಗೊಂದಿದೆ.
ಹಲಗೆಯಾದ ಮೇಲೆ ಹಾಗಲ್ಲ.
ಹಲಗೆಗೆ ಯಾರು ಬೇಕಾದರೂ ಬಣ್ಣ ಬಳಿಯಬಹುದು.
ಬೆಳ್ಳಗಿರುವುದೆಲ್ಲ ಹಾಲಲ್ಲ,
ಕೆಂಪಗಿರುವುದೆಲ್ಲ ಚೆರ್ರಿಯೂ ಅಲ್ಲ.

ಮೇಜನ್ನು ಬೋರಲು ಹಾಕಿದೆ.
ಅಡಿಭಾಗಕ್ಕೆ ಯಾರೂ ಸುಳ್ಳು ಕಲಿಸಿರುವುದಿಲ್ಲ.
ಕೀಸುಳಿ ಒಂದೇ ಸಲ ಓಡಿಸಿದೆ.
ಸುರುಳಿ ಬಂತು, ಬಿಳಿಚಿಕೊಂಡು.
ಗೋಂದಿನ ಕಪ್ಪು ಗೆರೆಯಿಲ್ಲ,
ಮೂಗಿಗೆ ಹಿಡಿದರೆ ಏನೂ ಇಲ್ಲ.
ಮೇಪಲ್. ಮೇಲೊಂದು ಕೋಟು ಕೆಂಪು.

ಹೇಳಿದೆ.
ಅವನು ಕೈಗವಸು ಬಿಚ್ಚಿದ, ಮತ್ತೆ ಹಾಕಿಕೊಂಡ.
"ಬಿಸಿ ಪಾತ್ರೆ ಇಟ್ಟಳೆಂದು ನನ್ನ ತಂಗಿಗೆ
ಇದರ ಪಕ್ಕದಲ್ಲೇ ಏಟು ಬಿದ್ದಿತ್ತು.
ಅಮ್ಮನಿಗೀಗ ತೊಂಬತ್ತು. ಅವಳಿಗೆ ಏನಂತ ಹೇಳಲಿ?"

ಆಗ ಕಂಡಿತು ನಾಲ್ಕನೆಯ ಕಾಲು.
ಉಳಿದ ಮೂರಕ್ಕಿಂತ ಗಾಢ, ಕಡೆತ ಒರಟು,
ಕೂದಲೆಳೆಯಷ್ಟು ಗಿಡ್ಡ.
"ಅದಾ? ಹಾಲ್ವರ್ ಮಾವ ಕುಡಿದು ಮೇಲೆ ಬಿದ್ದು ಮುರಿದದ್ದು.
ಆಮೇಲೆ ತಾನೇ ಒಂದು ಕಡೆದು ತಂದು ಕೂರಿಸಿದ.
ಹೊಂದಲೇ ಇಲ್ಲ.
ಅಜ್ಜಿ ಆ ಮೂಲೆಯನ್ನು ಸದಾ
ಗೋಡೆಯ ಕಡೆಗೆ ತಿರುಗಿಸಿಡುತ್ತಿದ್ದಳು."

ಕಚ್ಚು ಕೂತ ಜಾಗದ ಹತ್ತಿರ
ಉಳಿಯ ಮೂಲೆಯಿಂದ ಒಂದಿಷ್ಟು ಕೆರೆದೆ.
ಒಳಗೆ ಗುಲಾಬಿ,
ಈಗಷ್ಟೇ ಎರೆದ ಮಗುವಿನ ಬೆನ್ನಿನ ಹಾಗೆ.
ಗೋಂದಿನ ಗೆರೆ ಎರಡು.
ಲೇತಿನಲ್ಲಿ ಅವಸರಪಟ್ಟು ಸುಟ್ಟುಕೊಂಡ ಒಂದು ಉಂಗುರ;
ಈ ಮರದ ಮೇಲೆ ಅಲಗು ಒಂದು ಗಳಿಗೆ ತಡೆದು ನಿಂತರೂ
ಕಂದಿಹೋಗುತ್ತದೆ. ಕೈ ನಡುಗುತ್ತಿತ್ತೋ ಏನೋ ಅವನಿಗೆ.
ಹೊರಗಿನ ಕಡುಗೆಂಪು ಮಾತ್ರ ಯಾರೂ ಬಳಿದದ್ದಲ್ಲ.
ಅರವತ್ತು ವರ್ಷ, ಗೋಡೆಗೆ ಮುಖ ಮಾಡಿ ನಿಂತು,
ಸಿಕ್ಕಷ್ಟು ಬೆಳಕಿನಲ್ಲಿ ತಾನೇ ಆದದ್ದು.

"ಯಾವ ಮರವೆಂದು ನಿಮ್ಮ ಮಾವ ಹೇಳಿರಲಿಲ್ಲವೇ?"

"ಹೇಳುತ್ತಿದ್ದ.
ಕುಡಿದಿದ್ದಾಗ."

ಕಿವಿಯ ಮೇಲಿನ ಪೆನ್ಸಿಲ್ ತೆಗೆದು
'ಮೇಪಲ್ ಮೇಜು, ಒಂದು ಕಾಲು ಚೆರ್ರಿ' ಎಂದು ಬರೆದೆ,
ತಾರೀಖು ಹಾಕಿದೆ, ಸಹಿ ಹಾಕಿದೆ.
ಎರಡು ಸಲ ಓದಿ ಜೇಬಿಗಿಳಿಸಿದ.
ಮಾರುತ್ತೀಯಾ ಎಂದು ನಾನು ಕೇಳಲಿಲ್ಲ.

ಅವನು ಹೋದ ಮೇಲೆ
ಎರಡೂ ಮರದ ಚೂರು ಆರಿಸಿ ಕಿಟಕಿಯಲ್ಲಿಟ್ಟೆ.
ಇವತ್ತಿಗೆ ಒಂಬತ್ತು ದಿನ.
ಒಂದು ಹಾಗೇ ಇದೆ.