ಗಾಬಾ

ನಮ್ಮ ಕಡೆ ಪಾಷಾಣ ಅಂದ್ರ ವಿಷ.
ಪುಣೆಯಾಗ ಅದು ಬಸ್ ನಿಲ್ಲೂ ಒಂದು ಜಾಗ.
ಇಳದು ಎಡಕ್ಕ ಹೊಳ್ಳಿದ್ರ ಲ್ಯಾಬು.
ಏಳನೇ ತೊಟ್ಟಿ, ನಾಕು ಡಿಗ್ರಿ ಚಳಿನೀರು,
ಬಂಗಾರ ಬಣ್ಣದ ಹನ್ನೊಂದು ಮೀನು.
ಕಾಳು ಹಾಕೂದು, ಗಾಜು ಒರಸೂದು ನನ್ನ ಕೆಲಸ.

ಸೋಮವಾರ ಶೆವಡೆ ಮೇಡಮ್
ಗುಳ್ಳಿ ಬಿಡೂ ನಳಿಗಿ ಕಿತ್ತು ನೈಟ್ರೋಜನ್ ಹಚ್ಚಿದ್ರು.
ಮುಳ್ಳು ಇಳೀತು, ಇಳೀತು, ಸೊನ್ನಿಗೆ ನಿಂತಿತು.
ನಾ ಗೋಡಿ ಗಡಿಯಾರ ನೋಡಿದೆ.
ಒಂದು ನಿಮಿಷ. ಎರಡು. ಮೂರು.
ನಾಕು.
ಮೀನು ಬಾಲ ಅಲ್ಲಾಡಿಸಿತು.
ಸಂಜಿಗೆ ಕೀಲಿ ಹಾಕೂ ಮುಂದನೂ, ಸಾವಕಾಶ,
ಅಲ್ಲಾಡಿಸಿತು.

ನನ್ನ ಮುಖ ನೋಡಿ ಮೇಡಮ್ ಹೇಳಿದ್ರು:
ಉಸಿರು ತಪ್ಪಿದ್ರ ನಮ್ಮ ಮಿದುಳಿಗೆ ಗಾಬರಿ.
ಕೋಶ ಕೋಶನೂ ಬಾಗಿಲಾ ತಗದು ಚೀರತದ,
ಕ್ಯಾಲ್ಸಿಯಂ ನುಗ್ಗಿ ಒಳಗಿಂದೊಳಗ ಮನಿ ಕೆಡವತದ.
ಮೀನಿಗೆ ಗಾಬರಿ ಅಲ್ಲ, ಗಾಬಾ.
ಅದೊಂದು ಸಣ್ಣ ಅಣು. ಉಸಿರಿಲ್ಲದಾಗ ಹೆಚ್ಚಿ ಹೆಚ್ಚಿ
ಓಣಿ ಓಣಿ ತಿರಗತದ:
ದೀಪ ಸಣ್ಣ ಮಾಡ್ರಿ,
ಆರಸಬ್ಯಾಡ್ರಿ.
ಇದ್ದ ಸಕ್ಕರಿ ಮ್ಯಾಲ ಸಂಸಾರ. ಉಳದ ಹುಳಿ
ನಿಂತ್ರ ಕೇಡು, ರಕ್ತದಾಗ ಹೊತ್ತೊಯ್ದು
ಮಾಂಸದಾಗ ಬಟ್ಟಿ ಇಳಸಿ ಶೆರೆ ಮಾಡ್ತದ,
ಕಿವಿರಿನಿಂದ ಹೊರಗ ಚೆಲ್ಲತದ.

ಶೆರೆ? ಅಂದೆ.
ಹೌದಪ್ಪ, ಶೆರೆ. ಬದುಕಲಿಕ್ಕೆ.

ನಾ ಬಕೀಟು ತೆಳಗಿಟ್ಟೆ.

ವಾಘೋಲಿ. ಸೊಸೈಟಿ ಹಿಂದಿನ ಟಾಕಿ, ಹದಿನೆಂಟು ಫೂಟು.
ತಮ್ಮ ಸಾಯಬಣ್ಣ ಇಳಿಯೂ ಮೊದಲು
ಅರ್ಧ ಕ್ವಾರ್ಟರ್ ಹಾಕಿದ್ದ.
ಕುಡೀದ ಆ ನಾತಕ್ಕ ಇಳಿಯಾವ್ರು ಯಾರು?
ಕಾಗದದಾಗ ಬರದ್ರು: ಕುಡದಿದ್ದ.
ಗಾಳಿ ಇರಲಿಲ್ಲ ಅಂತ ಬರೀಲಿಲ್ಲ.
ಹಗ್ಗ ಕೇಳಿದ್ದ, ಅದನೂ.
ಅವನ ತಲಿಯೊಳಗ ಓಣಿ ಓಣಿ ತಿರಗಿ
ಸಣ್ಣ ಮಾಡ್ರಿ ಅನ್ನೂ ಯಾರೂ ಇರಲಿಲ್ಲ.
ಎಲ್ಲಾ ದೀಪ ಒಮ್ಮೆಲೆ ಉರದಾವೇನೋ,
ನಾಕು ನಿಮಿಷ.

ಮಂಗಳವಾರ ನಸಿಕಿನ್ಯಾಗ ನಳಿಗಿ ತಿರಗಿ ಹಚ್ಚಿದ್ರು.
ಗುಳ್ಳಿ ಎದ್ದವು.
ನಾ ನೀರಿಗೆ ಮೂಗು ಹಿಡದೆ: ಏನೂ ನಾತಿಲ್ಲ.
ಮಷೀನಿಗಷ್ಟ ಗೊತ್ತಾಗ್ತದಂತ.
ಮೇಡಮ್ ವಹಿಯಾಗ ಬರದ್ರು, ನಾ ಹಿಂದ ನಿಂತು ಓದಿದೆ,
ಮರಾಠಿ ಅಕ್ಷರ, ಕೂಡಿಸಿ ಕೂಡಿಸಿ:
ನೀರಿನಾಗ ಶೆರೆ ಸಿಕ್ಕದ.
ಹನ್ನೊಂದಕ್ಕ ಹನ್ನೊಂದೂ ಜೀವಂತ.

ಇವತ್ತು ಕಾಳು ಹಾಕಬ್ಯಾಡ ಅಂದಿದ್ರು.
ಒಂದು ಚಿಮಟಿ ಹಾಕಿದೆ.