ಎಡತೋಳು

ಉಜ್ಜುವುದು ಮುಗಿಯಿತು ಅಂದುಕೊಂಡೆ.
ನಾಲ್ಕು ದಿನ, ಒರಟಿನಿಂದ ನಯಕ್ಕೆ
ಒಂದೊಂದೇ ಉಪ್ಪುಕಾಗದ ಸವೆದು
ಬೆರಳ ಗೆರೆಗಳೂ ಸವೆದು
ದೋಣಿ ಈಗ ಹಸುಗೂಸಿನ ಕಿವಿಯ ಹಿಂಬದಿ.
ಕುಂಚ ಎತ್ತಿಕೊಂಡೆ.

"ಕಣ್ಣು ಮುಚ್ಚು" ಅಂದಳು ಹಿಲ್ಕಾ.
ನನ್ನ ಅಂಗೈ ಹಿಡಿದು ಹಲಗೆಯ ಮೇಲೆ ಎಳೆದಳು.
ಕಣ್ಣಿಗೆ ಏನೂ ಇರಲಿಲ್ಲ, ಕೈಗೆ ಇತ್ತು,
ಹಿಟ್ಟಿನ ಗಿರಣಿಯ ಕಿಟಕಿಕಟ್ಟೆಯಷ್ಟು.
ಕಂಡರೂ ಪರಾಂಬರಿಸು ಅನ್ನುತ್ತಾರಲ್ಲ,
ಇಲ್ಲಿ ಕಾಣದಿದ್ದರೂ.

ಸೈಮಾ ಸರೋವರದ ದಂಡೆಗೆ ಅವಳ ದೋಣಿಕೊಟ್ಟಿಗೆ.
ವಯಸ್ಸು ಎಪ್ಪತ್ತೆರಡು. ಎರಡು ಹಲ್ಲು ಚಿನ್ನದವು,
ಮಾತು ಮಾತ್ರ ಚಿಲ್ಲರೆ, ಎಣಿಸಿ ಕೊಡುತ್ತಾಳೆ.
ಹೋದ ಬೇಸಿಗೆ ನಾನು ಆತುರಪಟ್ಟ ದೋಣಿಯೊಂದು
ವಾರ್ನಿಷ್ ಒಣಗಿದ ಮೇಲೆ
ರವೆ ಹಚ್ಚಿ ಕರಿದ ಮೀನಿನಂತಾಗಿ
ಅಷ್ಟನ್ನೂ ಕೆರೆದು ಮೊದಲಿನಿಂದ ಮಾಡಿಸಿದ್ದಳು.
ಬೈದಿರಲಿಲ್ಲ. ಅದೇ ಕಷ್ಟ.

ಹಾಗಾಗಿ ಈಗ: ನೆಲಕ್ಕೆ ನೀರು ಚಿಮುಕಿಸು.
ಉಣ್ಣೆಯ ಅಂಗಿ ಹೊರಗೇ ಬಿಚ್ಚಿಟ್ಟು ಬಾ.
ಹಲಗೆಯ ಮೇಲೆ ಹಲಗೆ ಏರಿದ ಕಡೆ,
ತಾಮ್ರದ ಮೊಳೆಗಳ ತಲೆಯ ಸುತ್ತ,
ಒಣ ಕುಂಚದಿಂದ ಕೆದಕು, ಹಲ್ಲುಜ್ಜಿದ ಹಾಗೆ.
ಊದಬೇಡ. ಊದಿದ ಧೂಳು ಎಲ್ಲಿಗೂ ಹೋಗುವುದಿಲ್ಲ,
ಒಂದು ಸುತ್ತು ಹಾಕಿ ಬರುತ್ತದೆ
ನಿನ್ನ ಉಗುಳಿನ ಸಮೇತ.
ಬಾಗಿಲು ಹಾಕು. ಸೌನಾಕ್ಕೆ ಹೋಗಿ
ಮೊದಲು ನಿನ್ನನ್ನು ತೊಳೆದುಕೋ.
ಗಾಳಿಯಲ್ಲಿರುವುದು ಇಳಿಯಲಿಕ್ಕೆ ಒಂದು ರಾತ್ರಿ ಬೇಕು.

ಸೌನಾದ ಹಬೆಯಲ್ಲಿ ಕೂತರೆ
ಕಿವಿಯಿಂದ, ಹುಬ್ಬಿನಿಂದ, ಹೊಕ್ಕುಳಿನಿಂದ
ಮರ ಇಳಿಯಿತು, ತೆಳ್ಳಗಿನ ಗಂಜಿಯಾಗಿ.

ರಾತ್ರಿ ಎಲ್ಲಿಯದು ಜೂನ್ ತಿಂಗಳಲ್ಲಿ!
ಹತ್ತು ಗಂಟೆಗೂ ಸೂರ್ಯ
ಗೋಡೆಯ ಸಂದಿಯಲ್ಲಿ ತೂರಿ
ಅಡ್ಡಡ್ಡ ಮಲಗಿ ನೋಡುತ್ತಾನೆ.
ನೆತ್ತಿಯ ಬೆಳಕಿಗೆ ಸಿಗದ್ದು
ಈ ಓರೆ ಬೆಳಕಿಗೆ ಸಿಕ್ಕಿಬೀಳುತ್ತದೆ.
ಕಿಟಕಿಯಿಂದ ಇಣುಕಿದೆ. ಇಳಿಯುತ್ತಿತ್ತು,
ಒಂದೊಂದೇ ಕಣ,
ಯಾವುದಕ್ಕೂ ಅವಸರವಿಲ್ಲ.

ಬೆಳಗ್ಗೆ ಅವಳು ಗೂಟದಿಂದ ಅಂಗಿ ಇಳಿಸಿದಳು.
ನೀಲಿ ಗೆರೆಯದು, ಹತ್ತಿಯದು,
ನೂರು ಸಲ ಒಗೆದು ನೂಲು ಬಿಡುವುದನ್ನೇ ಮರೆತದ್ದು.
ಗುಂಡಿಗಳನ್ನು ಎಂದೋ ಕಿತ್ತಿದ್ದಾಳೆ, ಗೀರಬಾರದೆಂದು.
ಎಲ್ಯಾಸನದು. ಮೂವತ್ತು ವರ್ಷದ ಹಿಂದೆ
ಇವಳ ದೋಣಿಯ ಎಂಜಿನ್ ಬಿಚ್ಚಿಕೊಂಡು
ಸ್ವೀಡನ್ನಿಗೆ ಹೋದವನು.
ಹನ್ನೊಂದು ಅಂಗಿ ಬಿಟ್ಟಿದ್ದ, ಇದು ಕೊನೆಯದು.
"ಗಂಡನಾಗಿ ದಂಡ.
ಅಂಗಿಗಳು ಮಾತ್ರ ಒಳ್ಳೆಯವು."
ಕತ್ತರಿ ಹಾಕಿದಳು. ಈ ಸಲ ಎಡತೋಳು.

ಟರ್ಪೆಂಟೈನಿನಲ್ಲಿ ಅದ್ದಿ,
ಮೂರು ತೊಟ್ಟು ವಾರ್ನಿಷ್ ಬಿಟ್ಟು,
ಅಂಟಂಟಾಗುವ ತನಕ ಹಿಂಡಿ
ಮರದ ಎಳೆಯ ಗುಂಟ ಒರೆಸಿದೆ.
ಮಡಿಸಿ, ಹೊಸ ಮುಖ. ಮತ್ತೆ ಮಡಿಸಿ, ಹೊಸ ಮುಖ.
ಬಟ್ಟೆಗೆ ಹುಡಿ ಹತ್ತುವುದು ನಿಂತಾಗ
ಮರ ಒಂದು ಕ್ಷಣ ತುಸು ಒದ್ದೆಯಾಗಿ
ತನ್ನ ಮುಂದಿನ ಬಣ್ಣ ತೋರಿಸಿ
ಆರಿ, ಮರೆಸಿಕೊಂಡಿತು.

ಅವಳ ಅಂಗೈ ಮೂತಿಯಿಂದ ಬಾಲದವರೆಗೆ ಹೋಯಿತು.
ಹೂಂ ಅಂದಳು. ಒಂದೇ ಹೂಂ.

ಮೊದಲ ಹಲಗೆಗೆ ವಾರ್ನಿಷ್ ಎಳೆದದ್ದಷ್ಟೇ,
ಘಾಟಿಗೆ ತಲೆ ಸುತ್ತಿ
ನಾನೇ, ನಾನೇ ಬಾಗಿಲು ತೆರೆದೆ, ಒಂದು ಗೇಣು.
ಹೊರಗೆ ಪೈನ್ ಮರಗಳು ಕಾಯುತ್ತಿದ್ದವೇನೋ,
ಗಾಳಿ ಕೊಡವಿದ್ದೇ ತಡ
ಕಾಡಿಗೆ ಕಾಡೇ ಅರಿಸಿನ ತೂರಿತು.
ಪರಾಗ. ನೀರಿನ ಮೇಲೆ, ಮೆಟ್ಟಿಲ ಮೇಲೆ,
ಹಸಿ ವಾರ್ನಿಷಿನ ಮೇಲೆ.

ಬೈಗುಳಕ್ಕೆ ಬೆನ್ನು ಗಟ್ಟಿಮಾಡಿಕೊಂಡು ನಿಂತೆ.
ಹಿಲ್ಕಾ ಬಗ್ಗಿದಳು, ಕನ್ನಡಕ ಹಣೆಗೇರಿಸಿ
ಎಣಿಸಿದಳೋ ಏನೋ.
"ಬಾಗಿಲು ಹಾಕು."
ಸ್ವಲ್ಪ ತಡೆದು,
"ಈ ಹಲಗೆ ಇರಲಿ ಹೀಗೆ. ಬಂದವರು ಪೈನ್,
ದೋಣಿಯೂ ಪೈನ್.
ಅವಳ ಕಡೆಯವರೇ."

ಸಂಜೆ ಬಟ್ಟೆ ಮುದ್ದೆಮಾಡಿ ಎಸೆಯಹೋದೆ.
ಕೈ ಹಿಡಿದಳು. ಎಣ್ಣೆ ಕುಡಿದ ಬಟ್ಟೆ ಮುದುಡಿ ಬಿದ್ದರೆ
ಒಳಗೊಳಗೇ ಕಾದು
ಯಾರೂ ಕಡ್ಡಿ ಗೀರದೆ ಹತ್ತಿಕೊಳ್ಳುತ್ತದಂತೆ.
ಕೊಟ್ಟಿಗೆಯ ಹಿಂದಿನ ಬಂಡೆಗೆ ಹಾಸಿದಳು,
ನಾಲ್ಕು ಮೂಲೆಗೆ ನಾಲ್ಕು ಕಲ್ಲು.
ಎಡತೋಳು, ಪೂರ್ತಿ ಚಾಚಿಕೊಂಡು,
ಮುಂಗೈ ಪಟ್ಟಿ ಪಶ್ಚಿಮಕ್ಕೆ.

ಅದರ ಮೇಲೂ ಹಳದಿ ಬೀಳತೊಡಗಿತ್ತು.
ನೋಡುತ್ತ ನಿಂತಳು.
ಒರೆಸಲಿಲ್ಲ.