ಪೀರಾಂಬಿ ಹಾದುಹೋದಾಗ

ಜೆಸಿಬಿಯ ಹಲ್ಲಿಗೆ ಸಿಕ್ಕಿ ಕೇಬಲ್ಲು ಕಡಿದು ಮೂರನೇ ದಿನ.
ಅಂಗಡಿಯಲ್ಲಿ ಕರೆಂಟಿತ್ತು, ಫ್ಯಾನಿತ್ತು,
ಜೆರಾಕ್ಸ್ ಮಷಿನ್ನಿನ ಹಸಿರು ದೀಪವಿತ್ತು,
ಪರದೆಯ ಮೂಲೆಯಲ್ಲಿ ಮಾತ್ರ
ಪುಟ್ಟ ಭೂಗೋಳ, ಅದರ ಮೇಲೊಂದು ಅಡ್ಡಗೀಟು.

ನನ್ನ ಫೋನಿನ ಡೇಟಾ ಹನ್ನೊಂದಕ್ಕೇ ಖಾಲಿ:
ಪಹಣಿ ನಾಲ್ಕು, ಆದಾಯ ಪ್ರಮಾಣಪತ್ರ ಎರಡು,
ಉಳಿದದ್ದನ್ನು, ಸುಳ್ಳೇಕೆ, ಕ್ರಿಕೆಟ್ಟು ತಿಂದಿತ್ತು.

ಆಗ ಬಂದಳು ಪೀರಾಂಬಿ, ಮಂಡಕ್ಕಿ ಭಟ್ಟಿಯಿಂದ ನೇರ,
ಹುಬ್ಬಿನ ಮೇಲೆ ಹೊಟ್ಟಿನ ಬೂದಿ,
ಸೆರಗಿನಲ್ಲಿ ಸುತ್ತಿದ ಮೊಮ್ಮಗಳ ಮಾರ್ಕ್ಸ್ ಕಾರ್ಡು.
"ಸ್ಕಾಲರ್‌ಶಿಪ್ಪಿಗೆ ಇವತ್ತೇ ಕಡೇ ದಿನ ಅಂತೆ,
ಹಾಕಪ್ಪ ಜಲ್ದಿ. ಅಲ್ಲಿ ಮರಳು ಕಾದೈತೆ."

ನೆಟ್ಟಿಲ್ಲ, ಅಂದೆ.
"ನಂದ್ರಾಗೆ ಇರ್ಬೇಕು ನೋಡು. ಅಳಿಯ ತುಂಬಿಸ್ತಾನೆ,
ನಾನೆಲ್ಲಿ ಖರ್ಚು ಮಾಡ್ತೀನಿ."
ಎಲೆಯಡಿಕೆ ಚೀಲದಿಂದ ತೆಗೆದು ಕೊಟ್ಟಳು.
ದಿನಕ್ಕೆ ಒಂದೂವರೆ ಜಿಬಿ
ನಡುರಾತ್ರಿ ಸುಮ್ಮನೆ ಸತ್ತು, ಸುಮ್ಮನೆ ಹುಟ್ಟುತ್ತಿತ್ತು
ಅವಳ ಸೊಂಟದಲ್ಲಿ, ಯಾರಿಗೂ ಗೊತ್ತಿಲ್ಲದೆ.

ಹಾಟ್‌ಸ್ಪಾಟ್ ತೆರೆದರೆ ಅದರ ಹೆಸರು 'ತಿಪ್ಪೇಶಿ ಬೋರ್‌ವೆಲ್'.
ಸೆಕೆಂಡ್ ಹ್ಯಾಂಡು. ಅಳಿಸಿ ಬರೆದೆ: ಪೀರಾಂಬಿ.
ಪಾಸ್‌ವರ್ಡಿಗೆ ಎಂಟು ಅಕ್ಷರ ಬೇಕಮ್ಮ.
"ಅಕ್ಷರ ನನ್ನತ್ರ ಎಲ್ಲೈತಪ್ಪ. ಅಂಕಿ ಹೇಳ್ಲಾ?"
ಎಂಟೂ ಹೇಳಿದಳು, ಒಂದೇ ಉಸಿರಿಗೆ.
ಅರ್ಧ, ಗಂಡನ ಆಟೋದ ನಂಬರು.
ಇನ್ನರ್ಧ, ಅದನ್ನು ಮಾರಿದ ತಾರೀಕು.

ಭೂಗೋಳದ ಮೇಲಿನ ಗೀಟು ಹೋಯಿತು.
"ಏನ್ ತಗಂಡೆ ಈಗ ನನ್ನ ಫೋನಾಗಿಂದ?"
ಒಲೆ ಹಚ್ಚಲಿಕ್ಕೆ ಪಕ್ಕದ ಮನೆಯ ಕೆಂಡ ಇಸ್ಕೊಂಡ ಹಾಗೆ, ಅಂದೆ.
"ಕೆಂಡ ಕೊಟ್ರೆ ನಮ್ಮೊಲೆ ಕಮ್ಮಿ ಆಗಂಗಿಲ್ಲ.
ಇದು ಕಮ್ಮಿ ಆಗ್ತೈತಲ್ಲ?"
ಆಗುತ್ತದೆ.
ನನ್ನ ಉಪಮೆ ಅಲ್ಲಿಗೇ ಮುರಿಯಿತು.
"ಆಗ್ಲಿ ಬಿಡು," ಅಂದಳು.

ತಸ್ಮಿಯಾಳ ಅರ್ಜಿ ಹೋಯಿತು.
ಅಷ್ಟರಲ್ಲಿ ಬಾಗಿಲ ತುಂಬ ಜನ:
ಹೊಂಡದ ಸರ್ಕಲ್ಲಿನ ಹಮಾಲಿ, ಬಸ್ ಪಾಸಿನ ಹುಡುಗಿಯರು,
ಮುಚ್ಚಿದ ಗಿರಣಿಯ ಟೈಮ್‌ಕೀಪರ್ ನಾಗೇಂದ್ರಾಚಾರಿ;
ಎಲ್ಲರಿಗೂ ಇವತ್ತೇ ಕಡೇ ದಿನ.
ಅವಳು ಎದ್ದಾಗೆಲ್ಲ
"ಅಮ್ಮಾ, ಕೂತ್ಕಳ್ರಿ, ನೀವು ಹೋದ್ರೆ ನೆಟ್ಟೂ ಹೋಗ್ತೈತೆ!"
ಯಾರೋ ಚಹಾ ತಂದರು. ಯಾರೋ ಸ್ಟೂಲು ಬಿಟ್ಟರು.
ಆಚಾರಿ ಟೇಬಲ್ ಫ್ಯಾನನ್ನು ಅವಳತ್ತ ತಿರುಗಿಸಿದ.
ಮೂವತ್ತು ವರ್ಷ ಬೆಂಕಿಯೆದುರು ನಿಂತವಳು
ಮೊದಲ ಸಲ ಕೂತು ದುಡಿದಳು, ಏನೂ ಮಾಡದೆ.
ಫೋನು ಬಿಸಿಯಾಯಿತು. ಅಂಗೈಯಿಟ್ಟು ನೋಡಿ
"ಇನ್ನೊಂಚೂರು ಕಾದ್ರೆ ಅಕ್ಕಿ ಹಾಕಬಹುದು" ಅಂದಳು.

ಮರುವಾರ ಕೇಬಲ್ಲು ಜೋಡಿಸಿದರು.
ಆದರೆ ಬೆಳಿಗ್ಗೆ ಆರೂವರೆಗೆ
ಶಟರ್ ಎತ್ತಿ, ಕಂಪ್ಯೂಟರ್ ಹಚ್ಚಿ, ಕಸ ಹೊಡೆಯುವಾಗ
ಪರದೆಯ ಮೂಲೆಯಲ್ಲಿ ಒಂದು ಗಳಿಗೆ
'ಪೀರಾಂಬಿ, ಸಂಪರ್ಕಗೊಂಡಿದೆ.'
ಮರುಗಳಿಗೆ ಇಲ್ಲ.
ಹೊರಗಿಣುಕಿದರೆ ಭಟ್ಟಿ ಸಾಲಿನ ತಿರುವಿನಲ್ಲಿ ಅವಳ ಬೆನ್ನು.

ಅದು ತಾನಾಗಿ ಆರದ ಹಾಗೆ ಅವತ್ತು ಒತ್ತಿದ್ದು ನಾನೇ.
ಆರಿಸುವುದು ಮರೆತಿದ್ದೆ.
ಮರೆತಿದ್ದೆ ಎಂದು ಎಂಟು ದಿನ ಹೇಳಿಕೊಂಡೆ.
ನಿಜವೆಂದರೆ, ಒಬ್ಬರು ಬೀದಿಯಲ್ಲಿ ಹಾದುಹೋದದ್ದು
ಒಳಗೆ ಯಾವುದಕ್ಕೋ ತಿಳಿಯುತ್ತದಲ್ಲ,
ಅದು ಹಿಡಿಸಿತ್ತು ನನಗೆ.

ಒಂಬತ್ತನೇ ದಿನ ಅವಳೇ ಬಂದಳು.
"ಚಾರ್ಜು ನಿಲ್ಲಂಗೇ ಇಲ್ಲ ನೋಡು.
ಬ್ಯಾಟ್ರಿ ಹೋಗೈತೆ, ಎಂಟುನೂರು ಅಂತಾನೆ ಅಂಗಡ್ಯಾಗೆ. ಕೊಡ್ಲಾ?"
ಇಸ್ಕೊಂಡೆ. ಒಂದು ಬೆರಳಿನ ಕೆಲಸ.
ಬ್ಯಾಟ್ರಿ ಸರಿಯಿದೆ ಅಂದೆ. ಏನಾಗಿತ್ತೆಂದು ಹೇಳಲಿಲ್ಲ.
ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಮುಂದೆ ಹಿಡಿದಳು.
ಮುಖ ನೋಡಲಾಗದೆ ಕೀಬೋರ್ಡು ಒರೆಸಿದೆ.

ಪಟ್ಟಿಯಲ್ಲಿ ಹೆಸರು ಇನ್ನೂ ಇದೆ, ಬಣ್ಣ ಮಾಸಿ.
ಈಗ ಆರೂವರೆಗೆ ನಾನೇ ಹೊಸ್ತಿಲಿಗೆ ಬರುತ್ತೇನೆ,
"ಹೊರಟ್ರೇನಮ್ಮ" ಅನ್ನುತ್ತೇನೆ.
ಒಂದೊಂದು ದಿನ ತಪ್ಪುತ್ತದೆ.
ಆ ಹಾಳು ಯಂತ್ರ
ಒಂದು ದಿನವೂ ತಪ್ಪಿಸಿರಲಿಲ್ಲ.